ಖಾಲಿ ಕಾಣುವ ಲೇನ್ ಖಾಲಿಯಲ್ಲ
ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸುಗಳಿಗೆಂದೇ ಮೀಸಲಾದ ಲೇನ್ ಬಹುಪಾಲು ಹೊತ್ತು ಖಾಲಿ ಇರುತ್ತೆ, ಕಾರುಗಳಿಗೂ ಬಿಟ್ಟುಕೊಡಿ ಎಂಬ ಲೇಖನವೊಂದರ ಸಲಹೆ ಒಪ್ಪುವಂಥದ್ದಲ್ಲ. ಮೂರು ನಿಮಿಷಕ್ಕೊಂದು ಬಸ್ ಎಂದರೆ ಗಂಟೆಗೆ 20. ಒಂದೊಂದರಲ್ಲಿ 50 ಜನ ಹಿಡಿದರೂ 1,000 ಮಂದಿ. ಅಷ್ಟೇ ಜನ ಇಬ್ಬಿಬ್ಬರಂತೆ ಹೊರಟರೆ 500 ಕಾರು! ಇನ್ನು, ನಿಲ್ದಾಣ ರಸ್ತೆಯ ನಡುವೆ ಇದೆ. ಬಸ್ಸಿನ ಬಲಬದಿಯ ಬಾಗಿಲು ಪ್ಲಾಟ್‌ಫಾರ್ಮಿನ ಬಾಗಿಲಿಗೆ ನೇರ ಎದುರಾಗಿ, ಅಂಚಿಗೆ ಒತ್ತಿ ನಿಲ್ಲಬೇಕು. ಮುಂದೊಂದು ಕಾರು ಅಡ್ಡ ಬಂದರೆ ಬಸ್ ಓರೆಯಾಗಿ ನಿಲ್ಲುತ್ತೆ, ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು ಬೀಳುತ್ತೆ. ಗಾಲಿಕುರ್ಚಿಯ ಮುಂದಿನ ಗಾಲಿ ಸಿಕ್ಕಿಬೀಳುವುದೂ ಅಲ್ಲೇ. ದಿಲ್ಲಿಯ ಬಿಆರ್‌ಟಿ (ಇಂಥದ್ದೇ ಮೀಸಲು ಬಸ್ ಲೇನ್ ವ್ಯವಸ್ಥೆ) ಕಾರಿನವರ ಒತ್ತಡಕ್ಕೆ ಮಣಿದು ಕಿತ್ತುಹೋಯಿತು, ನಮ್ಮಲ್ಲಿ ಹಾಗಾಗಬಾರದು. ಸುಧಾರಿಸಬೇಕಾದ್ದು ಸಿಗ್ನಲ್: ಬಸ್ ಸಮೀಪಿಸಿದಾಗ ಹಸಿರು ಐದಾರು ಸೆಕೆಂಡ್ ಹಿಗ್ಗಲಿ.