ತಪ್ಪಾದಾಗಲೂ 200 ಕಳಿಸಬೇಡಿ

ಪೈಥಾನಿನಲ್ಲಿ ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ, ಕಟ್ಟಲು ಬಳಸುವ ಫ್ರೇಮ್‌ವರ್ಕ್ ಫಾಸ್ಟ್‌ಎಪಿಐ. ಅದನ್ನು ಕಲಿಸುವ ಪಾಠಗಳು ಬಹುಪಾಲು ಒಂದೇ ಜಾಗದಲ್ಲಿ ಮುಗಿಯುತ್ತವೆ. ಫಂಕ್ಷನ್ ಬರೆದು, ಮೇಲೆ ಡೆಕೊರೇಟರ್ (ಆ ಫಂಕ್ಷನ್ ಯಾವ ವಿಳಾಸಕ್ಕೆ ಎಂದು ಹೇಳುವ @ ಸಾಲು) ಹಾಕಿ, ಸರ್ವರ್ ಓಡಿಸಿದರೆ 8000ನೇ ಪೋರ್ಟಿನಲ್ಲಿ ಜೇಸನ್ ರೂಪದ ಉತ್ತರ ಬಂತು, ಪಾಠ ಮುಗಿಯಿತು. ಇಷ್ಟಕ್ಕೆ ಹತ್ತು ಸಾಲು ಕೋಡ್ ಸಾಕು. ಆದರೆ ಎಪಿಐ ನಂಬಿಕೆಗೆ ಅರ್ಹವೋ ಅಲ್ಲವೋ ತಿಳಿಯುವುದು ಸರಿಯಾದ ರಿಕ್ವೆಸ್ಟ್ ಬಂದಾಗಲ್ಲ, ಕೆಟ್ಟ ರಿಕ್ವೆಸ್ಟ್ ಬಂದಾಗ. ಆಗ ಏನಾಯಿತು ಎಂದು ಹೇಳುವುದು ಉತ್ತರದ ಜೊತೆ ಹೋಗುವ ಸ್ಟೇಟಸ್ ಕೋಡ್ ಎಂಬ ಸಂಖ್ಯೆ: 200 ಎಂದರೆ ಎಲ್ಲ ಸರಿ, 404 ಎಂದರೆ ಕೇಳಿದ್ದು ಇಲ್ಲ, 422 ಎಂದರೆ ಕಳಿಸಿದ ಮಾಹಿತಿ ತಪ್ಪು.

ಪುಸ್ತಕಗಳ ಪಟ್ಟಿ ಕೊಡುವ ಎಪಿಐ ಅಂದುಕೊಳ್ಳಿ. ಪೈಡ್ಯಾಂಟಿಕ್ (ಬಂದ ಡೇಟಾ ಸರಿಯಿದೆಯೇ ಎಂದು ಪರೀಕ್ಷಿಸುವ ಲೈಬ್ರರಿ) ಮಾಡೆಲಿನಲ್ಲಿ ಶೀರ್ಷಿಕೆ ಸ್ಟ್ರಿಂಗ್, ಪುಟಸಂಖ್ಯೆ ಸೊನ್ನೆಗಿಂತ ದೊಡ್ಡ ಪೂರ್ಣಾಂಕ ಎಂದು ಬರೆದಿದ್ದರೆ, ಪುಟಸಂಖ್ಯೆಯ ಜಾಗದಲ್ಲಿ ಅಕ್ಷರ ತುಂಬಿ ಕಳಿಸಿದವರಿಗೆ 422 ಹೋಗುತ್ತದೆ, ಯಾವ ಫೀಲ್ಡಿನಲ್ಲಿ ಏನು ತಪ್ಪು ಎಂಬ ವಿವರದ ಸಮೇತ. ಅದಕ್ಕೆ ನೀವು ಒಂದು ಇಫ್ ಕೂಡ ಬರೆಯಬೇಕಿಲ್ಲ. ಗಮನಿಸಿ, ಉದ್ಧರಣ ಚಿಹ್ನೆಯೊಳಗೆ "300" ಎಂದು ಬಂದರೆ ಅದನ್ನು ಅದೇ ಸಂಖ್ಯೆಯಾಗಿ ಬದಲಿಸಿ ಒಪ್ಪಿಕೊಳ್ಳುತ್ತದೆ. ಅದು ಬೇಡವಾದರೆ ಸ್ಟ್ರಿಕ್ಟ್ ಮೋಡ್ ಹಾಕಬೇಕು.

ಎಡವಟ್ಟಾಗುವುದು ಇದರ ಮುಂದೆ. ಕೇಳಿದ ಐಡಿಯ ಪುಸ್ತಕ ಇಲ್ಲದಿದ್ದಾಗ ಫಂಕ್ಷನ್ None (ಪೈಥಾನಿನಲ್ಲಿ "ಏನೂ ಇಲ್ಲ") ಹಿಂದಿರುಗಿಸಿದರೆ, ರೆಸ್ಪಾನ್ಸ್ ಮಾಡೆಲ್ (ಉತ್ತರದಲ್ಲಿ ಏನೇನು ಇರಬೇಕೆಂಬ ನಮೂನೆ) ಹಾಕಿಲ್ಲದ ಕಡೆ 200 ಸ್ಟೇಟಸ್ಸಿನ ಜೊತೆ ನಲ್ ಹೋಗುತ್ತದೆ. ಇನ್ನು ಕೆಲವರು ತಪ್ಪನ್ನು ತಿಳಿಸಲೆಂದೇ ಇರುವ ಎಚ್‌ಟಿಟಿಪಿ ಎಕ್ಸೆಪ್ಶನ್ ಬಳಸುತ್ತಾರೆ, ಆದರೆ ರೇಸ್ (raise) ಎಂದು ಬರೆಯುವ ಕಡೆ ರಿಟರ್ನ್ (return) ಎಂದು ಬರೆದಿರುತ್ತಾರೆ. ಆಗ ಬಾಡಿಯೊಳಗೆ, ಅಂದರೆ ಉತ್ತರದ ಒಳವಿಷಯದಲ್ಲಿ, 404 ಎಂದು ಕಾಣುತ್ತದೆ, ಹೊರಗಿನ ಸ್ಟೇಟಸ್ ಮಾತ್ರ 200! ಇದು ಕಣ್ಣಿಗೆ ಬೀಳುವುದೇ ಇಲ್ಲ, ಯಾಕೆಂದರೆ ಬ್ರೌಸರಿನಲ್ಲಿ ನೋಡುವವರು ಓದುವುದು ಬಾಡಿಯನ್ನೇ. ಮಾನಿಟರಿಂಗ್, ಕ್ಯಾಶ್, ಕ್ಲೈಂಟಿನ ರೀಟ್ರೈ ಇವೆಲ್ಲ ನೋಡುವುದು ಸ್ಟೇಟಸ್ ಕೋಡನ್ನು. ಅಲ್ಲಿ 200 ಇದ್ದರೆ ಅವುಗಳ ಲೆಕ್ಕದಲ್ಲಿ ಎಲ್ಲ ಕ್ಷೇಮ. ಎಲ್ಲದಕ್ಕೂ 200 ಕಳಿಸಿ ಒಳಗೆ "ಎರರ್" ಎಂಬ ಫೀಲ್ಡ್ ಇಡುವ ಪದ್ಧತಿಯನ್ನು ಅನುಕೂಲ ಎಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಅನುಕೂಲದ ಬೆಲೆಯನ್ನು ನಿಮ್ಮ ಎಪಿಐ ಬಳಸುವ ಪ್ರತಿಯೊಬ್ಬರೂ ತೆರುತ್ತಾರೆ. ಹೊಸದು ಸೃಷ್ಟಿಯಾದರೆ 201, ಅಳಿಸಿ ಬೇರೇನೂ ಹೇಳಲಿಕ್ಕಿಲ್ಲದಿದ್ದರೆ ಬಾಡಿ ಇಲ್ಲದ 204. ಡೆಕೊರೇಟರಿನಲ್ಲಿ ಒಂದು ಪದ ಸೇರಿಸಿದರೆ ಆಯಿತು.

ರೆಸ್ಪಾನ್ಸ್ ಮಾಡೆಲ್ ಬಿಡಲೇಬೇಡಿ. ಡೇಟಾಬೇಸಿನಿಂದ ಬಂದ ಬಳಕೆದಾರರ ದಾಖಲೆಯನ್ನು ಹಾಗೇ ಹಿಂದಿರುಗಿಸಿದರೆ ಪಾಸ್‌ವರ್ಡಿನ ಹ್ಯಾಶ್ (ಅದನ್ನು ಗುರುತು ಸಿಗದಂತೆ ಬದಲಿಸಿಟ್ಟ ರೂಪ) ಕೂಡ ಹೊರಗೆ ಹೋಗುತ್ತದೆ. ಮಾಡೆಲಿನಲ್ಲಿ ಹೆಸರಿಸಿದ್ದು ಮಾತ್ರ ಹೋಗಬೇಕು.

ರೌಟ್‌ಗಳ, ಅಂದರೆ ವಿಳಾಸಗಳ, ಕ್ರಮವೂ ಮುಖ್ಯ. ಪೂರ್ಣಾಂಕದ ಐಡಿ ತೆಗೆದುಕೊಳ್ಳುವ ರೌಟ್ ಮೊದಲಿದ್ದು, "ಲೇಟೆಸ್ಟ್" ಎಂಬ ರೌಟ್ ಅದರ ಕೆಳಗಿದ್ದರೆ, "ಲೇಟೆಸ್ಟ್" ಪದವನ್ನೇ ಐಡಿ ಎಂದು ತಿಳಿದು 422 ಕೊಡುತ್ತದೆ. ನಿರ್ದಿಷ್ಟವಾದದ್ದು ಮೇಲೆ ಇರಲಿ.

ಅಸಿಂಕ್, ಅಂದರೆ ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ಮುಂದುವರಿಸುವ ರೀತಿ, ಇದರ ವಿಷಯದಲ್ಲಂತೂ ತುಂಬ ಜನ ಮೋಸ ಹೋಗುತ್ತಾರೆ. ಫಂಕ್ಷನ್ ಮೇಲೆ ಅಸಿಂಕ್ ಡೆಫ್ (async def) ಎಂದು ಬರೆದ ಮಾತ್ರಕ್ಕೆ ವೇಗ ಬರುವುದಿಲ್ಲ. ಅದರೊಳಗೆ ಸಾಮಾನ್ಯ ರಿಕ್ವೆಸ್ಟ್ಸ್ ಲೈಬ್ರರಿಯಿಂದ ಇನ್ನೊಂದು ಸರ್ವರಿಗೆ ಕರೆ ಮಾಡಿದರೆ, ಉತ್ತರ ಬರುವವರೆಗೆ ಈ ಸರದಿಯನ್ನು ನಡೆಸುವ ಈವೆಂಟ್ ಲೂಪ್ ನಿಂತೇ ಬಿಡುತ್ತದೆ, ಆ ವರ್ಕರಿಗೆ (ಸರ್ವರಿನ ಒಂದು ಪ್ರೋಸೆಸ್‌ಗೆ) ಬಂದ ಉಳಿದವರೆಲ್ಲ ಕಾಯುತ್ತಾರೆ. ಅದೇ ಬರಿ ಡೆಫ್ ಬರೆದಿದ್ದರೆ ಫಂಕ್ಷನ್ ಥ್ರೆಡ್‌ಪೂಲಿಗೆ, ಅಂದರೆ ಪಕ್ಕದಲ್ಲಿ ಕೆಲಸ ನಡೆಸುವ ಥ್ರೆಡ್‌ಗಳ ಗುಂಪಿಗೆ, ಹೋಗುತ್ತಿತ್ತು, ಅಲ್ಲಿ ಮೂಲತಃ ಒಮ್ಮೆಗೆ 40 ಕೆಲಸಗಳಿಗೆ ಅವಕಾಶವಿದೆ. ನೀವು ಬಳಸುವ ಲೈಬ್ರರಿಗೆ ಅವೇಟ್ (await, ಅಸಿಂಕ್ ಕರೆಗೆ ಕಾಯುವ ಪದ) ಬರದಿದ್ದರೆ ಡೆಫ್ ಸಾಕು.

ಅಭ್ಯಾಸಕ್ಕೆಂದು ಡೇಟಾವನ್ನು ಪೈಥಾನ್ ಲಿಸ್ಟಿನಲ್ಲಿ ಇಟ್ಟವರು ಎರಡು ವರ್ಕರ್ ಹಾಕಿ ನೋಡಿ: ಸೇರಿಸಿದ ಪುಸ್ತಕ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಪ್ರತಿ ವರ್ಕರಿಗೂ ಅದರದೇ ಮೆಮೊರಿ. ಇಲ್ಲಿಗೆ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಆದರೂ ತನ್ನಿ.

ಫಾಸ್ಟ್‌ಎಪಿಐ ಕೊಡುವ ಪರೀಕ್ಷಾ ಸಾಧನ ಟೆಸ್ಟ್‌ಕ್ಲೈಂಟ್ ಇದ್ದರೆ ಸರ್ವರ್ ಓಡಿಸದೆಯೇ ಪರೀಕ್ಷಿಸಬಹುದು. ಇಲ್ಲದ ಐಡಿ ಕೇಳಿ 404 ಬಂತೇ, ಪುಟಸಂಖ್ಯೆ ಮೈನಸ್ ಕೊಟ್ಟು 422 ಬಂತೇ ಎಂಬ ಎರಡು ಟೆಸ್ಟ್‌ಗಳನ್ನು ಮೊದಲು ಬರೆಯಿರಿ. ಪರೀಕ್ಷಿಸುವಾಗ ಬಾಡಿಯಲ್ಲಿರುವ ಸಂಖ್ಯೆಯನ್ನಲ್ಲ, ಸ್ಟೇಟಸ್ ಕೋಡನ್ನೇ ಹೋಲಿಸಿ. ರೇಸ್ ಬದಲು ರಿಟರ್ನ್ ಬರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.