ಅಪ್ಪನಿಗೆ ಮಾತ್ರ ಕೇಳಿಸದ ಜಾಹೀರಾತು

ನಮ್ಮ ತೀರ್ಥಹಳ್ಳಿ ಕಡೆ ಆರೋಗ್ಯ ಕೇಂದ್ರವೊಂದರ ಗೋಡೆಯ ಮೇಲೆ ಸುಖೀ ಸಂಸಾರವೊಂದು ಇಂದಿಗೂ ನಗುತ್ತಿದೆ. ಅಪ್ಪ, ಅಮ್ಮ, ಗಂಡೊಂದು, ಹೆಣ್ಣೊಂದು, ಪಕ್ಕದಲ್ಲಿ ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ. ಮಳೆಗೆ ಅಪ್ಪನ ಮುಖ ಪೂರ್ತಿ ಹಾವಸೆಗಟ್ಟಿದೆ. ಕಟ್ಟಲಿ ಬಿಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ಲುವುದರ ಹೊರತು ಆ ಚಿತ್ರದಲ್ಲಿ ಅವನಿಗೆ ಬೇರೆ ಕೆಲಸವೇನೂ ಇಲ್ಲ.

1952ರಲ್ಲೇ ಕುಟುಂಬ ಯೋಜನೆ ಆರಂಭಿಸಿದ ದೇಶ ನಮ್ಮದು. ಅಂದಿನಿಂದ ಜಾಹೀರಾತು ಎರಡು ದಾರಿ ಹಿಡಿದಿದೆ. ಒಂದು ಕರುಳಿನದು: ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಹುಟ್ಟುವ ಮೊದಲೇ ಮಗಳ ಕೈಗೆ ತಟ್ಟೆ, ಮಗನ ಕೊರಳಿಗೆ ಹಾರ. ಇನ್ನೊಂದು ಲೆಕ್ಕದ್ದು: ಎರಡು ಎಕರೆ ತೋಟವನ್ನು ಆರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬನಿಗೆ ಎಷ್ಟು ಮರ? ಕಣ್ಣೀರೂ ಲೆಕ್ಕವೂ ಕೊನೆಗೆ ಹೋಗಿ ತಲುಪುವುದು ಬಾಣಂತಿಯ ಹಾಸಿಗೆಯನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ನೂರು ದಂಪತಿಗಳಲ್ಲಿ ಸುಮಾರು 38 ಕಡೆ ಆಪರೇಷನ್ ಆಗಿರುವುದು ಹೆಂಡತಿಗೆ. ಗಂಡನಿಗೆ? ಸಾವಿರಕ್ಕೆ ಮೂರು.

ಗಂಡಸಿನದು ಚರ್ಮಕ್ಕೆ ಬ್ಲೇಡು, ಹೊಲಿಗೆ ಯಾವುದೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ. ಅದೇ ದಿನ ಮನೆಗೆ ಬರಬಹುದು. ಆಮೇಲೆ ಮೂರು ತಿಂಗಳು ನಿರೋಧ್ ಬಳಸಿದರಾಯಿತು. ಆದರೆ ಮರ ಹತ್ತಿ ಅಡಕೆ ಕೊನೆ ಇಳಿಸುವ ಕೊನೆಗೌಡರ ಆತಂಕವೇ ಬೇರೆ: ‘ಬಲ ಹೋದರೆ ಮರ ಹತ್ತುವವರು ಯಾರು?’ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವಳು ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಅಡಕೆ ಸುಲಿಯುವುದಕ್ಕೆ ಬಲ ಬೇಡವೆಂದು ಕಾಣುತ್ತದೆ.

ಟಿವಿಯ ಮಾತು ಕೇಳಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ವಾರ್ತಾ ಸಚಿವಾಲಯ, ಕಾಂಡೋಮ್ ಜಾಹೀರಾತನ್ನು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೋರಿಸಬೇಡಿ ಎಂದು ವಾಹಿನಿಗಳಿಗೆ ಸೂಚಿಸಿತು. ಮಕ್ಕಳು ನೋಡಿಯಾರು ಎಂಬ ಭಯ. ಟೀಕೆ ಬಂದ ಮೇಲೆ, ಅಶ್ಲೀಲವಾದವಕ್ಕೆ ಮಾತ್ರ ಈ ನಿಯಮ ಎಂದು ಸ್ಪಷ್ಟನೆಯೂ ಬಂತು. ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಹತ್ತಕ್ಕೆ ಕರೆಂಟೇ ಇರುವುದಿಲ್ಲ, ಆ ಮಾತು ಹಾಗಿರಲಿ. ನಾವು ಬೆಳೆದ ಅಡಕೆ ಉತ್ತರಕ್ಕೆ ಹೋಗಿ ಪಾನ್ ಮಸಾಲೆಯಾಗುತ್ತದೆ. ಅದೇ ಹೆಸರು ಹೊತ್ತ ಏಲಕ್ಕಿಯನ್ನು ದೊಡ್ಡ ದೊಡ್ಡ ನಟರು ಹಾಡಹಗಲೇ, ಕ್ರಿಕೆಟ್‌ನ ಓವರ್ ಓವರ್‌ಗೂ ಬಂದು ಮಾರುತ್ತಾರೆ. ಮಕ್ಕಳು ಆ ಸಾಲುಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದರಿಂದ ಸಂಸ್ಕೃತಿ ಕೆಡುವುದಿಲ್ಲ.

ಹೀಗಾಗಿ ಹಗಲಿನಲ್ಲಿ ಬಾಯಿಬಿಟ್ಟು ಹೇಳುವ ಹೊಣೆ ಆಶಾ ಕಾರ್ಯಕರ್ತೆಯ ಪಾಲಿಗೆ ಬಂದಿದೆ. ಪುರುಷರನ್ನು ಒಪ್ಪಿಸಲೆಂದು ಸರ್ಕಾರ ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪಾಕ್ಷಿಕವನ್ನೇ ಆಚರಿಸುತ್ತದೆ. ಯಾರು ಮುಹೂರ್ತ ಇಟ್ಟರೋ, ಸರಿಯಾಗಿ ಅಡಕೆ ಕೊಯ್ಲಿನ ಭರಾಟೆ! ಆಕೆ ಕರಪತ್ರ ಹಿಡಿದು ಅಂಗಳಕ್ಕೆ ಬಂದರೆ ಯಜಮಾನರು ಆದರದಿಂದಲೇ ಕವಳದ ಹರಿವಾಣ ಮುಂದೆ ಸರಿಸುತ್ತಾರೆ, ಕರಪತ್ರವನ್ನು ಎರಡೂ ಬದಿ ಓದುತ್ತಾರೆ, ಪರಿಹಾರಧನ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು ಎಂಬಲ್ಲಿ ತಲೆಯನ್ನೂ ಆಡಿಸುತ್ತಾರೆ.

‘ಒಳ್ಳೆಯ ಯೋಜನೆ ತಂಗಿ, ನನಗೆ ಕೊಯ್ಲು ಮುಗಿಯುವವರೆಗೆ ಪುರುಸೊತ್ತಿಲ್ಲ. ಒಳಗೆ ಅವಳಿದ್ದಾಳೆ, ಕೇಳಿ ನೋಡು.’