ದಯವಿಟ್ಟು ಯಾರೊಂದಿಗೂ ಹಂಚಿಕೊಳ್ಳಬೇಡಿ

ನಿಮ್ಮ ಎಸ್‌ಎಂಎಸ್‌ಗಳಿಗೆ ಇನ್ನು ಯಾವ ಭಯವೂ ಇಲ್ಲ. ಅವುಗಳನ್ನು ಫೋನಿನಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ಟ್ಯಾಬ್ಲೆಟ್ಟಿಗೆ, ಅಲ್ಲಿಂದ ಕೈಗಡಿಯಾರಕ್ಕೆ ಸಿಂಕ್ ಮಾಡುವ, ಮೇಲೊಂದು ಬೀಗ ಜಡಿಯುವ, ಫೋನು ಕಳೆದುಹೋದರೆ ದೂರದಿಂದಲೇ ಅಳಿಸಿಹಾಕುವ ಮತ್ತೊಂದು ಆ್ಯಪ್ ಬಂದಿದೆ. ಹಿಂದೆ ಬಂದದ್ದು ಬೇರೆ, ಇದು ಬೇರೆ. ಅದರ ಲಾಂಛನದಲ್ಲಿ ಗುರಾಣಿಯೊಳಗೆ ಬೀಗವಿತ್ತು, ಇದರಲ್ಲಿ ಬೀಗದೊಳಗೆ ಗುರಾಣಿ ಇದೆ. ಸಂಶೋಧನೆ ಎಂದರೆ ಸುಮ್ಮನೆಯೇ!

ಆ್ಯಪ್ ಇಳಿಸಿಕೊಂಡ ಕೂಡಲೇ ಅದು ವಿನಯದಿಂದ ಅನುಮತಿಗಳನ್ನು ಕೇಳುತ್ತದೆ. ಸಂದೇಶಗಳನ್ನು ಓದಲು, ನಿಮ್ಮ ಪರವಾಗಿ ಕಳುಹಿಸಲು, ಸಂಪರ್ಕಗಳ ಪಟ್ಟಿ ನೋಡಲು, ಪರದೆಯ ಮೇಲೆ ಬರುವ ಸೂಚನೆಗಳನ್ನೆಲ್ಲ ಗಮನಿಸಲು, ನೀವು ಮಲಗಿದ ಮೇಲೂ ಎಚ್ಚರವಾಗಿರಲು. ನಿಮ್ಮ ಸಂದೇಶಗಳನ್ನು ಯಾರೂ ಓದದಂತೆ ಕಾಯಬೇಕಾದರೆ ಮೊದಲು ತಾನು ಅಷ್ಟನ್ನೂ ಓದಿರಬೇಕಂತೆ. ನ್ಯಾಯವಾಗಿಯೇ ಇದೆ. 2018ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಗೆ ಇದ್ದಕ್ಕಿದ್ದಂತೆ ಈ ನ್ಯಾಯದ ಬಗ್ಗೆ ಅನುಮಾನ ಹುಟ್ಟಿ, ಬಳಕೆದಾರರು ಸಂದೇಶಗಳಿಗೆಂದೇ ಆರಿಸಿಕೊಂಡ ಆ್ಯಪ್ ಮತ್ತು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಉಳಿದವರು ಎಸ್‌ಎಂಎಸ್ ಓದುವಂತಿಲ್ಲ ಎಂಬ ನಿಯಮ ಹೊರಡಿಸಿತು. ಅಲ್ಲಿಯವರೆಗಿನ ಹತ್ತು ವರ್ಷ ಯಾರು ಯಾರು ಏನೇನು ಓದಿಕೊಂಡರೋ, ಓದಿದವರಿಗೇ ಗೊತ್ತು.

ಇಷ್ಟೆಲ್ಲ ಕಾವಲು ಬೇಕಾದ ಸಂಪತ್ತಾದರೂ ಯಾವುದು? ನಿಮ್ಮ ಎಸ್‌ಎಂಎಸ್ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಮನುಷ್ಯರು ಅಲ್ಲಿಂದ ಒಕ್ಕಲೆದ್ದು ಬಹಳ ಕಾಲವಾಯಿತು. ಪಾರ್ಸೆಲ್ ಹೊರಟಿದೆ, ಪಾರ್ಸೆಲ್ ಹತ್ತಿರ ಬಂದಿದೆ, ಪಾರ್ಸೆಲ್ ತಲುಪಿದೆ, ನಮ್ಮ ಸೇವೆ ಹೇಗಿತ್ತು ತಿಳಿಸಿ, ನೀವು ಕೇಳದ ಸಾಲ ಮಂಜೂರಾಗಿದೆ. ನಡುನಡುವೆ ಹುಟ್ಟಿದ ಹತ್ತೇ ನಿಮಿಷಕ್ಕೆ ಸತ್ತ ಒಟಿಪಿಗಳು. ಆ್ಯಪ್ ಅವುಗಳನ್ನು ಒಂದೂ ಬಿಡದೆ ಬ್ಯಾಕಪ್ ಮಾಡುತ್ತದೆ. ನೀವು ಫೋನು ಬದಲಿಸಿದರೆ ಎಂದೋ ಸತ್ತ ಒಟಿಪಿಗಳೆಲ್ಲ ಹೊಸ ಫೋನಿನಲ್ಲಿ ಸಾಲಾಗಿ ಎದ್ದು ಕೂರುತ್ತವೆ. ಮದುವೆಯ ಫೋಟೋಗಳು ಹೋದರೆ ಹೋಗಲಿ, ಇವು ಮಾತ್ರ ಹೋಗುವುದಿಲ್ಲ.

ಪ್ರತಿ ಒಟಿಪಿಯ ಬಾಲದಲ್ಲಿ ಒಂದು ಪ್ರಾರ್ಥನೆ ಇರುತ್ತದೆ: ದಯವಿಟ್ಟು ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ. ನೀವು ಆ ಸಾಲನ್ನು ಓದಿ ಮುಗಿಸುವುದರೊಳಗೆ ಆ್ಯಪ್ ಅದನ್ನು ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಕೈಗಡಿಯಾರ, ಕಚೇರಿಯ ಕಂಪ್ಯೂಟರಿನಲ್ಲಿ ಮುಚ್ಚದೆ ಬಿಟ್ಟ ಬ್ರೌಸರು ಮತ್ತು ಎಲ್ಲಿದೆಯೆಂದೇ ಗೊತ್ತಿಲ್ಲದ ಒಂದು ಸರ್ವರಿನೊಂದಿಗೆ ಹಂಚಿಕೊಂಡಾಗಿರುತ್ತದೆ. ಸಭೆಯಲ್ಲಿ ಯಾರೋ ತಮ್ಮ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಗಂಭೀರವಾಗಿ ಅಂಕಿಅಂಶ ವಿವರಿಸುತ್ತಿರುತ್ತಾರೆ. ಬಲಗಡೆಯ ಮೂಲೆಯಿಂದ ಒಂದು ಚೌಕ ಮೆಲ್ಲಗೆ ಜಾರಿ ಬರುತ್ತದೆ. ಗೋಡೆಯ ಮೇಲೆ ಗೇಣುದ್ದದ ಆರು ಅಂಕಿ, ಬ್ಯಾಂಕಿನ ಹೆಸರು, ಕೆಳಗೆ ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಮನವಿ. ಕುಳಿತವರೆಲ್ಲ ಸೌಜನ್ಯಕ್ಕಾಗಿ ಛಾವಣಿ ನೋಡುತ್ತಾರೆ.

ಈ ಒಟಿಪಿ ಎಂಬುದನ್ನು ಯಾಕೆ ಕಂಡುಹಿಡಿದರು ಎನ್ನುವುದನ್ನೇ ನಾವು ಮರೆತುಬಿಟ್ಟಿದ್ದೇವೆ. ಪಾಸ್‌ವರ್ಡ್ ನಿಮಗೆ ಗೊತ್ತಿರುವ ಸಂಗತಿ, ಫೋನು ನಿಮ್ಮ ಕೈಯಲ್ಲಿರುವ ವಸ್ತು. ಲ್ಯಾಪ್‌ಟಾಪು ಕಳ್ಳನ ಪಾಲಾದರೂ ಫೋನು ನಿಮ್ಮ ಬಳಿ ಇರುತ್ತದೆ, ಹಾಗಾಗಿ ಕಳ್ಳನಿಗೆ ಅರ್ಧ ಮಾತ್ರ ಸಿಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಎರಡೂ ಬೇರೆ ಬೇರೆ ಕಡೆ ಇರಬೇಕು ಎನ್ನುವುದೇ ಅದರ ಜೀವ. ಸಿಂಕ್ ಮಾಡುವ ಮಹಾನುಭಾವರು ಎರಡನ್ನೂ ಒಂದೇ ಪರದೆಗೆ ತಂದು, ಎದ್ದು ಹೋಗಿ ಫೋನು ಹುಡುಕುವ ನಿಮ್ಮ ಶ್ರಮವನ್ನು ತಪ್ಪಿಸಿದ್ದಾರೆ. ಕಳ್ಳನ ಶ್ರಮವೂ ತಪ್ಪಿತು.

ಕಂಪ್ಯೂಟರಿನಿಂದಲೇ ಎಸ್‌ಎಂಎಸ್ ಕಳುಹಿಸಿ ಎಂದು ಈ ಆ್ಯಪ್‌ಗಳು ಹೊಸದೇನೋ ಕಂಡುಹಿಡಿದಂತೆ ಕೂಗುವುದನ್ನು ಕೇಳಿದಾಗಲೆಲ್ಲ ನನಗೆ ನೀಲ್ ಪ್ಯಾಪ್‌ವರ್ತ್ ನೆನಪಾಗುತ್ತಾನೆ. 1992ರ ಡಿಸೆಂಬರ್ 3ರಂದು ಜಗತ್ತಿನ ಮೊದಲ ಎಸ್‌ಎಂಎಸ್ ಕಳುಹಿಸಿದ ಈ ಎಂಜಿನಿಯರಿಗೆ ಆಗ 22 ವರ್ಷ. ಅವನು ಕುಳಿತದ್ದು ಕಂಪ್ಯೂಟರಿನ ಮುಂದೆಯೇ. ಆ ಕಾಲದ ಫೋನುಗಳಿಗೆ ಸಂದೇಶ ಕಳುಹಿಸಲು ಬರುತ್ತಿರಲಿಲ್ಲ. ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ‘ಮೆರ್ರಿ ಕ್ರಿಸ್ಮಸ್’ ಎಂದು ಹೋಯಿತು. ಮರುತ್ತರ ಬರೆಯುವ ದಾರಿ ಅವರಿಗಿರಲಿಲ್ಲ. ಕಂಪ್ಯೂಟರಿನಿಂದ ಫೋನಿಗೆ ಏರಿ, ಮತ್ತೆ ಕಂಪ್ಯೂಟರಿಗೆ ಇಳಿದು, ಈಗ ಅದಕ್ಕೆ ಚಂದಾ ಕೇಳುವ ಮಟ್ಟಕ್ಕೆ ಬಂದಿದ್ದೇವೆ. ಖಾಲಿ ಜಾಗವೂ ಸೇರಿ ಇಂಗ್ಲಿಷಿನಲ್ಲಿ 15 ಅಕ್ಷರಗಳ ಆ ಸಂದೇಶದ ಡಿಜಿಟಲ್ ಪ್ರತಿಯೊಂದನ್ನು 2021ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹರಾಜು ಹಾಕಿದರು. 1,07,000 ಯೂರೋ ಕೊಟ್ಟು ಕೊಂಡವರೂ ಇದ್ದರು. ಬ್ಯಾಕಪ್ ಇಟ್ಟವನೇ ಜಾಣ ಎನ್ನಲು ಇದೊಂದು ಆಧಾರವಿದೆ, ಒಪ್ಪಿಕೊಳ್ಳೋಣ.

ಮಾತು ಎಲ್ಲಿಗೋ ಹೋಯಿತು, ಹೋಗಲಿ. ಎಸ್‌ಎಂಎಸ್ಸಿನ ಉದ್ದವನ್ನು ನಿಗದಿ ಮಾಡಿದ್ದು ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಜರ್ಮನ್ ಎಂಜಿನಿಯರ್. 1985ರಲ್ಲಿ ಬಾನ್ ನಗರದ ತನ್ನ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕುಳಿತು, ತೋಚಿದ ವಾಕ್ಯಗಳನ್ನೆಲ್ಲ ಬಡಿದು, ಅಕ್ಷರ ಎಣಿಸಿ, 160 ಸಾಕು ಎಂದು ತೀರ್ಮಾನಿಸಿದ. ಜನ ಅಂಚೆ ಕಾರ್ಡಿನಲ್ಲಿ ಬರೆಯುವುದೂ ಹೆಚ್ಚುಕಡಿಮೆ ಅಷ್ಟೇ ಎಂಬುದು ಅವನ ತಂಡಕ್ಕೆ ಸಿಕ್ಕ ಪುರಾವೆ. ಕನ್ನಡದಂಥ ಲಿಪಿ ಅವನ ಟೈಪ್‌ರೈಟರಿನಲ್ಲಿ ಇರಲಿಲ್ಲ. 160 ಇಂಗ್ಲಿಷ್ ಅಕ್ಷರ ಹಿಡಿಸುವ 140 ಬೈಟುಗಳ ಅದೇ ಜಾಗದಲ್ಲಿ ನಮಗೆ ದಕ್ಕಿದ್ದು 70, ಅದರಲ್ಲೂ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂದು ಬರೆದರೆ ಆರು ಸ್ಥಾನ ಖಾಲಿ.

ಅಂಚೆ ಕಾರ್ಡನ್ನು ನೋಡಿ ಹುಟ್ಟಿದ್ದು ಅಂಚೆ ಕಾರ್ಡಿನ ಗುಣವನ್ನೇ ಉಳಿಸಿಕೊಂಡಿತು. ದಾರಿಯಲ್ಲಿ ಸಿಕ್ಕವರು ಓದಬಹುದು. ಎಸ್‌ಎಂಎಸ್ಸಿಗೆ ಕಳುಹಿಸಿದವರಿಂದ ತಲುಪಿದವರವರೆಗಿನ ಗೂಢಲಿಪಿಯ ರಕ್ಷಣೆ ಇಲ್ಲ. ದೂರವಾಣಿ ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಳಸುವ ಎಸ್‌ಎಸ್7 ಎಂಬ ವ್ಯವಸ್ಥೆ 1970ರ ದಶಕದ್ದು. ಆಗ ಆ ಜಾಲದೊಳಗೆ ಇದ್ದವರೆಲ್ಲ ಪರಿಚಿತರು, ಹಾಗಾಗಿ ಯಾರು ಏನು ಕೇಳಿದರೂ ನಂಬುವುದು ಅದರ ಸ್ವಭಾವ. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಆ ನಂಬಿಕೆಯನ್ನೇ ಬಳಸಿ, ಬ್ಯಾಂಕ್ ಕಳುಹಿಸಿದ ಸಂಕೇತಗಳನ್ನು ದಾರಿಯಲ್ಲೇ ತಿರುಗಿಸಿಕೊಂಡು ಖಾತೆಗಳನ್ನು ಬರಿದು ಮಾಡಿದರು. ಅದಕ್ಕೂ ಮುಂಚೆ, 2016ರಲ್ಲೇ, ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ತನ್ನ ಕರಡಿನಲ್ಲಿ ಎಸ್‌ಎಂಎಸ್ ಒಟಿಪಿಯನ್ನು ಕೈಬಿಡುವುದೇ ಒಳ್ಳೆಯದು ಎಂದಿತ್ತು. ಅಷ್ಟರಮಟ್ಟಿಗೆ ಈ ರೋಗ ಹಳೆಯದು, ವೈದ್ಯರೂ ಹೇಳಿಯಾಗಿದೆ. ನಿಮ್ಮ ಫೋನಿನಲ್ಲಿ ಎಂಥ ಬೀಗ ಹಾಕಿದರೂ ಅದು ಕಾಯುವುದು ಕಾರ್ಡು ತಲುಪಿದ ಮೇಲಿನ ಡಬ್ಬಿಯನ್ನು.

ಇನ್ನು ಸಿಮ್ ಕದಿಯುವವರಿಗೆ ಜಾಲದ ಜ್ಞಾನವೂ ಬೇಡ. ದೂರವಾಣಿ ಕಂಪನಿಗೆ ಕರೆ ಮಾಡಿ, ಫೋನು ಕಳೆದುಹೋಗಿದೆ, ನಂಬರನ್ನು ಈ ಹೊಸ ಸಿಮ್‌ಗೆ ಹಾಕಿಕೊಡಿ ಎಂದು ನಂಬುವಂತೆ ಹೇಳಲು ಬಂದರೆ ಸಾಕು. 2019ರ ಆಗಸ್ಟಿನಲ್ಲಿ ಟ್ವಿಟರಿನ ಮುಖ್ಯಸ್ಥ ಜ್ಯಾಕ್ ಡಾರ್ಸಿಯ ಖಾತೆಯಲ್ಲಿ ಅವರ ನಂಬರ್ ಹಿಡಿದವರು ಎಸ್‌ಎಂಎಸ್ ಮೂಲಕವೇ ಬೇಕಾದ್ದು ಬರೆದರು. 2024ರ ಜನವರಿ 9ರಂದು ಅಮೆರಿಕದ ಷೇರುಪೇಟೆ ನಿಯಂತ್ರಕರ ಸರದಿ. ಷೇರಿನಂತೆ ಕೊಂಡು ಮಾರುವ ಬಿಟ್‌ಕಾಯಿನ್ ನಿಧಿಗಳಿಗೆ (ಇಟಿಎಫ್) ಅನುಮತಿ ಕೊಟ್ಟಿದ್ದೇವೆ ಎಂದು ಅವರ ಎಕ್ಸ್ (ಹಿಂದಿನ ಟ್ವಿಟರ್) ಖಾತೆಯಿಂದಲೇ ಸುಳ್ಳು ಪ್ರಕಟಣೆ ಹೊರಟಿತು. ಮರುದಿನ ಅವರು ನಿಜವಾಗಿಯೂ ಅನುಮತಿ ಕೊಟ್ಟರು. ಕಳ್ಳನಿಗೆ ಒಂದು ದಿನದ ಆತುರವಾಯಿತು, ಅಷ್ಟೇ. ಖಾತೆಗೆ ಎರಡನೆಯ ಬೀಗ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಲಾಗಿನ್ ಆಗಲು ತೊಂದರೆಯಾಗುತ್ತಿದೆ ಎಂದು ಸಿಬ್ಬಂದಿಯೇ ಆರು ತಿಂಗಳ ಹಿಂದೆ ತೆಗೆಸಿದ್ದರು. ಬೇರೆಯವರಿಗೆ ಭದ್ರತೆಯ ಪಾಠ ಹೇಳುವ ಸಂಸ್ಥೆ ಇದು.

ಆದರೆ ಈ ವಿಭಾಗದಲ್ಲಿ ಪ್ರಶಸ್ತಿ ಕೊಡುವುದಾದರೆ ನನ್ನ ಮತ ಟ್ವಿಟರಿಗೆ. 2023ರ ಮಾರ್ಚ್ 20ರಿಂದ ಅದು ಎಸ್‌ಎಂಎಸ್ ಮೂಲಕ ಬರುವ ಎರಡನೆಯ ಹಂತದ ಭದ್ರತೆಯನ್ನು ಚಂದಾದಾರರಿಗೆ ಮಾತ್ರ ಮೀಸಲಿಟ್ಟಿತು. ಈ ವಿಧಾನವನ್ನು ದುಷ್ಟರು ದುರ್ಬಳಕೆ ಮಾಡುತ್ತಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ಹಣ ಕೊಡದವರು ಹೆಚ್ಚು ಭದ್ರವಾದ ವಿಧಾನವನ್ನು ಪುಕ್ಕಟೆಯಾಗಿ ಬಳಸಬೇಕಾಯಿತು, ಹಣ ಕೊಟ್ಟವರಿಗೆ ಕಡಿಮೆ ಭದ್ರತೆಯ ಗೌರವ ಸಿಕ್ಕಿತು. ಇದಕ್ಕಿಂತ ಚೆನ್ನಾಗಿ ನಾನು ಕಲ್ಪಿಸಿ ಬರೆಯಲಾರೆ.

ಬೀಗದ ಆ್ಯಪ್‌ಗಳ ವಿಷಯವನ್ನು ಬೇಗ ಮುಗಿಸೋಣ. ಪಾಸ್‌ವರ್ಡ್ ಮರೆತರೆ ಹೊಸ ಸಂಕೇತ ಎಸ್‌ಎಂಎಸ್ ಮೂಲಕ ಬರುತ್ತದೆ. ಎಸ್‌ಎಂಎಸ್ ಪೆಟ್ಟಿಗೆಗೆ ಬೀಗ ಹಾಕಿದೆ. ಫೋನು ಕಳೆದುಹೋಗಿ, ದೂರದಿಂದ ಎಲ್ಲವನ್ನೂ ಅಳಿಸಲು ಇನ್ನೊಂದು ಕಂಪ್ಯೂಟರಿನಿಂದ ಲಾಗಿನ್ ಆದರೆ ‘ಇದು ನೀವೇ ಎಂದು ಖಚಿತಪಡಿಸಿಕೊಳ್ಳಲು ನಿಮ್ಮ ಫೋನಿಗೆ ಸಂಕೇತ ಕಳುಹಿಸಿದ್ದೇವೆ’ ಎಂಬ ಉತ್ತರ. ಕಳ್ಳ ಅದನ್ನು ಓದಿ ನಿಮಗೆ ತಿಳಿಸುತ್ತಾನೆ ಎಂಬ ಮಾನವೀಯ ನಂಬಿಕೆ ಅವರದ್ದಿರಬೇಕು.

ದೂರದಿಂದ ಎಸ್‌ಎಂಎಸ್ ನಿರ್ವಹಿಸುವ ಕಲೆಯಲ್ಲಿ ನಿಜವಾಗಿ ಪಳಗಿದ್ದು ಫ್ಲೂಬಾಟ್ ಎಂಬ ಕುತಂತ್ರಾಂಶ. ಚಂದಾ ಇಲ್ಲ, ಜಾಹೀರಾತು ಇಲ್ಲ. ನಿಮ್ಮ ಪಾರ್ಸೆಲ್ ಬಂದಿದೆ ಎಂಬ ಎಸ್‌ಎಂಎಸ್ ಬರುತ್ತಿತ್ತು, ಒತ್ತಿದರೆ ಆ್ಯಪ್ ಇಳಿಯುತ್ತಿತ್ತು, ಆಮೇಲೆ ಬ್ಯಾಂಕಿನ ವಿವರಗಳನ್ನು ಕದ್ದು, ನಿಮ್ಮ ಸಂಪರ್ಕಗಳ ಪಟ್ಟಿ ಹಿಡಿದು ಅದೇ ಎಸ್‌ಎಂಎಸ್ಸನ್ನು ಮುಂದಕ್ಕೆ ದಾಟಿಸುತ್ತಿತ್ತು. 2021ರಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಿಮ್ಮ ಫೋನಿಗೆ ಫ್ಲೂಬಾಟ್ ತಗುಲಿದೆ, ತೆಗೆಯಲು ಈ ಭದ್ರತಾ ಅಪ್‌ಡೇಟ್ ಹಾಕಿಕೊಳ್ಳಿ’ ಎಂದು ತನ್ನ ಹೆಸರಿನಲ್ಲೇ ಹೆದರಿಸಿ ತನ್ನನ್ನೇ ಇಳಿಸಿಕೊಳ್ಳುವಂತೆ ಮಾಡಿತು. 11 ದೇಶಗಳ ಪೊಲೀಸರು ಸೇರಿ 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮೇಲೆ ಹೇಳಿದ ಭದ್ರತಾ ಆ್ಯಪ್‌ಗಳು ಕೇಳುವ ಅನುಮತಿಗಳ ಪಟ್ಟಿಯನ್ನೂ ಫ್ಲೂಬಾಟ್ ಕೇಳುತ್ತಿದ್ದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟ.

ಬಡಪಾಯಿ ಬಳಕೆದಾರನ ಕಥೆ ಬಿಡಿ, ದೊಡ್ಡವರ ಕಥೆ ಇನ್ನೂ ಚೆನ್ನ. 2025ರ ಏಪ್ರಿಲ್ 30ರಂದು ಅಮೆರಿಕದ ಸಚಿವ ಸಂಪುಟದ ಸಭೆಯಲ್ಲಿ ಆಗಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್ ಮೇಜಿನ ಕೆಳಗೆ ಫೋನು ನೋಡುತ್ತಿದ್ದಾಗ ರಾಯ್ಟರ್ಸ್ ಛಾಯಾಗ್ರಾಹಕರ ಕಣ್ಣು ಪರದೆಯ ಮೇಲೆ ಬಿತ್ತು. ಸಿಗ್ನಲ್ ಆ್ಯಪ್‌ನಲ್ಲಿ ಪತ್ರಕರ್ತನೊಬ್ಬನನ್ನು ಸೇನಾ ದಾಳಿಯ ಚರ್ಚೆ ನಡೆಯುತ್ತಿದ್ದ ಗುಂಪಿಗೆ ಸೇರಿಸಿಕೊಂಡು ಜಗತ್ತಿಗೆ ಪರಿಚಿತರಾದವರು ಇವರೇ ತಾನೆ. ಈ ಸಲ ಪರದೆಯಲ್ಲಿದ್ದದ್ದು ಸಿಗ್ನಲ್ಲೇ ಅಲ್ಲ, ಟೆಲಿಮೆಸೇಜ್ ಕಂಪನಿ ಮಾರ್ಪಡಿಸಿದ ಅದರ ನಕಲು. ಯಾರೂ ಓದಲಾಗದ ಸಂದೇಶಗಳಿಗೆ ಹೆಸರಾದ ಆ್ಯಪ್‌ಗೆ, ದಾಖಲೆಗಾಗಿ ಎಲ್ಲದರ ಪ್ರತಿಯನ್ನು ಇನ್ನೊಂದು ಸರ್ವರಿನಲ್ಲಿ ಇಡುವ ಸೌಲಭ್ಯವನ್ನು ಸೇರಿಸಿದ್ದರು. ಕೆಲವೇ ದಿನಗಳಲ್ಲಿ ಹ್ಯಾಕರ್ ಒಬ್ಬ ಆ ಸರ್ವರಿಗೆ ನುಗ್ಗಿದ. 15-20 ನಿಮಿಷ ಹಿಡಿಯಿತು, ಹೆಚ್ಚು ಶ್ರಮವೇನೂ ಆಗಲಿಲ್ಲ ಎಂದ. ಕಂಪನಿ ಸೇವೆ ನಿಲ್ಲಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಶಾಸ್ತ್ರ ಎಲ್ಲ ದೇಶದಲ್ಲೂ ಒಂದೇ.

ಇಲ್ಲಿಯವರೆಗೆ ನಗಬಹುದು. ಮುಂದಿನದ್ದಕ್ಕೆ ನನಗೆ ನಗು ಬರುವುದಿಲ್ಲ.

ದೂರದಿಂದ ಸಂದೇಶ ನಿರ್ವಹಿಸುವ ಆ್ಯಪ್‌ಗಳ ಒಂದು ದೊಡ್ಡ ಗುಂಪು ನಿಮ್ಮ ಸಂದೇಶಗಳಿಗಾಗಿ ತಯಾರಾದದ್ದಲ್ಲ. ಇನ್ನೊಬ್ಬರ ಸಂದೇಶಗಳಿಗಾಗಿ ತಯಾರಾದದ್ದು. ಮಕ್ಕಳ ಸುರಕ್ಷತೆ, ಕುಟುಂಬದ ಕಾಳಜಿ ಎಂದು ಹೊರಗೆ ಬೋರ್ಡು. ಒಳಗೆ, ಫೋನಿನ ಪರದೆಯಲ್ಲಿ ಚಿಹ್ನೆ ಕಾಣದಂತೆ ಅಡಗಿಕೊಳ್ಳುವ ವ್ಯವಸ್ಥೆ. ಮಗುವಿಗೆ ಹೇಳಿಯೇ ಕಾಯುವವನಿಗೆ ಅಡಗಿಕೊಳ್ಳುವ ಚಿಹ್ನೆ ಯಾಕೆ ಬೇಕು? ಇವುಗಳನ್ನು ಕೊಳ್ಳುವವನು ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಫೋನು ಎತ್ತಿಕೊಳ್ಳುವ ಗಂಡ, ಬಿಟ್ಟುಹೋದವಳನ್ನು ಬಿಡದ ಗೆಳೆಯ. ಅವಳು ಅಕ್ಕನಿಗೆ ಬರೆದದ್ದು, ವಕೀಲರಿಗೆ ಬರೆದದ್ದು, ಸಹಾಯ ಕೇಳಿ ಬರೆದದ್ದು ಎಲ್ಲವೂ ಅವನ ಪರದೆಗೆ ಸಿಂಕ್ ಆಗುತ್ತದೆ. ಮಾರುವವರಿಗೆ ಇದು ಗೊತ್ತು. ಗೊತ್ತಿದ್ದೇ ಮಾರುತ್ತಾರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2021ರ ಸೆಪ್ಟೆಂಬರಿನಲ್ಲಿ ಸ್ಪೈಫೋನ್ ಎಂಬ ಇಂಥ ಆ್ಯಪ್ ನಡೆಸುತ್ತಿದ್ದ ಕಂಪನಿಯನ್ನು ಈ ವ್ಯಾಪಾರದಿಂದಲೇ ನಿಷೇಧಿಸಿತು. ಒಂದು ಅಂಗಡಿ ಮುಚ್ಚಿದರೆ ಅದೇ ಸರಕು ಬೇರೆ ಹೆಸರಿನಲ್ಲಿ ಪಕ್ಕದಲ್ಲಿ ಸಿಗುತ್ತದೆ. ಇದನ್ನು ಎಷ್ಟು ಸಲ ಬರೆಯುವುದು?

2023ರ ಜೂನ್‌ನಲ್ಲಿ ಪೋಲೆಂಡಿನ ಲೆಟ್‌ಮಿಸ್ಪೈ ಎಂಬ ಆ್ಯಪ್ ಹ್ಯಾಕ್ ಆಯಿತು. ಸಾವಿರಾರು ಫೋನುಗಳಿಂದ ಗುಟ್ಟಾಗಿ ಎತ್ತಿದ್ದ ಎಸ್‌ಎಂಎಸ್, ಕರೆಗಳ ಪಟ್ಟಿ, ಓಡಾಡಿದ ಜಾಗಗಳು ಎಲ್ಲವೂ ಇನ್ನೊಬ್ಬ ಕಳ್ಳನ ಕೈಸೇರಿದವು. ಆಗಸ್ಟಿನ ಕೊನೆಗೆ ಅದು ಅಂಗಡಿ ಮುಚ್ಚಿತು. ಮಾಹಿತಿ ಸೋರಿಕೆಯಾದರೆ ಸಂತ್ರಸ್ತರಿಗೆ ತಿಳಿಸಬೇಕು ಎನ್ನುವುದು ಎಲ್ಲ ಕಡೆ ಹೇಳುವ ಮಾತು. ಆದರೆ ತನ್ನ ಫೋನಿನಲ್ಲಿ ಅಂಥದ್ದೊಂದು ಕುಳಿತಿದೆ ಎಂದೇ ಗೊತ್ತಿಲ್ಲದವಳಿಗೆ ಹೇಗೆ ತಿಳಿಸುತ್ತೀರಿ? ಎಸ್‌ಎಂಎಸ್ ಕಳುಹಿಸಿದರೆ ಅವಳಿಗಿಂತ ಮೊದಲು ಓದುವವನು ಅವನೇ.